ಏಟು ಬಿತ್ತು, ಸ್ಕ್ರೂ ಅಲ್ಲಾಡಲಿಲ್ಲ: ಇಂಪ್ಯಾಕ್ಟ್ ಡ್ರೈವರ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ನಮ್ಮ ಮನೆಯಲ್ಲೊಂದು ಹಳೇ ಆರ್‌ಎಕ್ಸ್ 100 ಇದೆ. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಬೈಕು ಅದು. ನಮ್ಮದು ಕೊನೆಯ ವರ್ಷಗಳದ್ದು. ಅಂದರೆ ಮಲೆನಾಡಿನ ಸಾಗರದ ಕಡೆಯ ಮಳೆಗಾಲವನ್ನು ಹತ್ತಿರ ಹತ್ತಿರ ಮೂವತ್ತು ಸಲ ಕಂಡಿದೆ. ದೀಪಾವಳಿ ರಜೆಯಲ್ಲಿ ಕ್ಲಚ್ ಪ್ಲೇಟ್ ಬದಲಿಸೋಣ ಅಂತ ಕೂತೆ. ಗೇರ್ ಆಯಿಲ್ ಇಳಿಸಿದೆ, ಕಿಕ್ಕರ್ ತೆಗೆದೆ, ಕವರಿನ ಸ್ಕ್ರೂಗಳಿಗೆ ಕೈ ಹಾಕಿದೆ. ಹೆಚ್ಚಿನವು ಬಂದವು. ಮೂರು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಇಂಥದ್ದಕ್ಕೇ ಅಲ್ವಾ ಇಂಪ್ಯಾಕ್ಟ್ ಡ್ರೈವರ್, ಅಂದರೆ ಸುತ್ತಿಗೆಯ ಏಟಿಗೆ ತಿರುಗುವ ಸ್ಕ್ರೂಡ್ರೈವರ್, ಇರುವುದು? ಪೇಟೆಗೆ ಹೋಗಿ ಒಂದನ್ನು ಕೊಂಡು ತಂದೆ. ಹೊಡೆದೆ. ಹತ್ತು ಹನ್ನೆರಡು ಏಟಿಗೆ ಒಂದು ಸ್ಕ್ರೂವಿನ ತಲೆ ಕೆತ್ತಿಹೋಗಿ ಬಟ್ಟಲಿನ ಥರ ಆಯಿತು. ಸ್ಕ್ರೂ ಇದ್ದಲ್ಲೇ ಇತ್ತು.

ನಮ್ಮ ಬೀದಿಯ ಕೊನೆಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಈಗ ಗ್ಯಾರೇಜ್ ಮುಚ್ಚಿದ್ದಾರೆ, ಆದರೆ ಸುತ್ತಿಗೆ ಸದ್ದು ಕೇಳಿದರೆ ಮನೆಯಲ್ಲಿ ಕೂರುವುದಿಲ್ಲ. ಬಂದು ನೋಡಿದರು.

“ಎಷ್ಟು ಹೊಡೆದ್ಯೋ ತಮ್ಮ?”

“ಹತ್ತು ಹನ್ನೆರಡು ಅಣ್ಣ.”

“ಒಂದೊಂದು ಏಟಿಗೂ ಏನಾಯ್ತು ಅಂತ ನೋಡಿದ್ಯಾ, ಇಲ್ಲಾ ಸುಮ್ನೆ ಹೊಡೆದ್ಯಾ?”

ಸುಮ್ನೆ ಹೊಡೆದಿದ್ದೆ. ಅವರು ನನ್ನ ಮಗಳ ಜಾಮಿಟ್ರಿ ಬಾಕ್ಸಿನಿಂದ ಬಿಳಿ ವೈಟ್‌ನರ್ ಪೆನ್ನು ತರಿಸಿದರು. ಉಳಿದ ಎರಡು ಸ್ಕ್ರೂಗಳ ತಲೆಯ ಮೇಲೆ ಒಂದು ಗೆರೆ ಎಳೆದು, ಅದೇ ಗೆರೆಯನ್ನು ಕವರಿನ ಮೇಲೂ ಮುಂದುವರಿಸಿದರು. “ಈಗ ಒಂದೇ ಏಟು ಹೊಡಿ. ಆಮೇಲೆ ನಿಲ್ಸು” ಅಂದರು.

ಆ ಗೆರೆಯಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಕ್ರೂ ಬರದಿದ್ದಾಗ ನಾವು ಜಾಸ್ತಿ ಜೋರಾಗಿ ಹೊಡೆಯುತ್ತೇವೆ. ಆದರೆ ಏಟಿನ ಬಲ ಎಲ್ಲೋ ಸೋರಿಹೋಗುತ್ತಿದ್ದರೆ ಜೋರು ಹೆಚ್ಚಿಸಿ ಪ್ರಯೋಜನ ಇಲ್ಲ. ಎಲ್ಲಿ ಸೋರುತ್ತಿದೆ ಅಂತ ಮೊದಲು ಗೊತ್ತಾಗಬೇಕು.

ಒಳಗೆ ಏನಾಗುತ್ತದೆ

ದಪ್ಪ ಕಬ್ಬಿಣದ ಬಾಡಿ. ಅದರೊಳಗೆ ಒಂದು ದಿಂಡು, ದಿಂಡಿನ ತುದಿಯಲ್ಲಿ ಬಿಟ್ (ಸ್ಕ್ರೂ ತಲೆಯ ಗುಳಿಯೊಳಗೆ ಇಳಿಯುವ ತುಂಡು) ಕೂರುವ ಚೌಕ. ಬಾಡಿಯೊಳಗೆ ಓರೆಯಾಗಿ ಕೊರೆದ ದಾರಿ ಇದೆ, ಜೊತೆಗೆ ಒಂದು ಸ್ಪ್ರಿಂಗ್. ಮೇಲಿಂದ ಸುತ್ತಿಗೆ ಬಿದ್ದಾಗ ಬಾಡಿ ಕೆಳಗೆ ಜಾರುತ್ತದೆ. ಓರೆ ದಾರಿಯಲ್ಲಿ ಸಿಕ್ಕಿದ ದಿಂಡು ನೇರ ಹೋಗಲಾರದೆ ಸ್ವಲ್ಪ ತಿರುಗುತ್ತದೆ. ಹೀಗೆ ಒಂದೇ ಏಟಿಗೆ ಎರಡು ಕೆಲಸ: ಬಿಟ್ಟನ್ನು ಸ್ಕ್ರೂವಿನೊಳಗೆ ಒತ್ತಿ ಹಿಡಿಯುವುದು, ಅದೇ ಕ್ಷಣ ತಿರುಗಿಸುವುದು. ಕೈಯಲ್ಲಿ ತಿರುಗಿಸುವ ಸ್ಕ್ರೂಡ್ರೈವರಿಗೆ ಈ ಎರಡನ್ನೂ ಒಟ್ಟಿಗೆ ಜೋರಾಗಿ ಮಾಡಲು ಬರುವುದಿಲ್ಲ. ಒತ್ತಲು ಹೋದರೆ ತಿರುಗಿಸುವ ಬಲ ಕಡಿಮೆ, ತಿರುಗಿಸಲು ಹೋದರೆ ಬಿಟ್ ಮೇಲೆ ಹಾರುತ್ತದೆ.

ಬಾಡಿ ಅಷ್ಟು ಭಾರ ಇರುವುದಕ್ಕೂ ಕಾರಣ ಇದೆ. ದಿಂಡು ಒಂದು ಕಡೆ ತಿರುಗಬೇಕಾದರೆ ಬಾಡಿ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಬಾಡಿ ಹಗುರ ಇದ್ದರೆ ಅದೇ ತಿರುಗಿಬಿಡುತ್ತದೆ, ಸ್ಕ್ರೂಗೆ ಏನೂ ಸಿಗುವುದಿಲ್ಲ. ಹಿಡಿದ ಕೈಗೆ ಈ ಎದುರು ಸೆಳೆತ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ನೆನಪಿಡಿ, ದೋಷ ಹುಡುಕಲು ಅದೇ ಆಮೇಲೆ ಬೇಕಾಗುವುದು.

ಹೊಡೆಯುವ ಮುಂಚೆ ಬಾಡಿಯನ್ನು ಬಿಚ್ಚುವ ದಿಕ್ಕಿಗೆ, ಅಂದರೆ ಎಡಕ್ಕೆ, ಬಿಗಿಯಾಗಿ ತಿರುಚಿ ಹಿಡಿಯಬೇಕು. ಒಳಗಿನ ಸಡಿಲ ಎಲ್ಲ ಹೋಗಿ ಬಿಟ್ ಗುಳಿಯ ಗೋಡೆಗೆ ತಾಗಿ ನಿಂತಿರಬೇಕು. ಇದನ್ನು ಮರೆತರೆ ಏಟಿನ ಮೊದಲ ಭಾಗ ಆ ಸಡಿಲವನ್ನು ತುಂಬುವುದರಲ್ಲೇ ಮುಗಿಯುತ್ತದೆ.

ಇನ್ನು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬಿಟ್ ಚೂರು ಹಾರುವುದು ಕಥೆಯಲ್ಲ, ನಿಜ.

ಗೆರೆ ಹಾಗೇ ಇದೆ, ಬಿಟ್ ಮಾತ್ರ ಮೇಲೆ ಹಾರಿದೆ

ನನ್ನ ಮೊದಲ ಸ್ಕ್ರೂ ಹಾಳಾದದ್ದು ಇದರಿಂದಲೇ. ಹತ್ತರಲ್ಲಿ ಆರೇಳು ಸಲ ಕಾರಣ ಇದೇ ಅಂತ ಆ ಅಣ್ಣನೂ ಹೇಳಿದರು. ಗುರುತು ಹಿಡಿಯುವುದು ಸುಲಭ. ಏಟು ಬಿದ್ದಾಗ “ಟಣ್” ಅನ್ನುವ ಬದಲು “ಕರಕ್” ಅನ್ನುತ್ತದೆ. ಗುಳಿಯ ಅಂಚಿನಲ್ಲಿ ಹೊಸದಾಗಿ ಹೊಳೆಯುವ ಲೋಹ ಕಾಣುತ್ತದೆ. ಬೆರಳಿಟ್ಟರೆ ಸಣ್ಣ ಮುಳ್ಳು ಚುಚ್ಚುತ್ತದೆ.

ಇಲ್ಲಿ ನಿಲ್ಲಿಸಿ. ಇನ್ನೊಂದು ಏಟು ಹೊಡೆದರೆ ಇರುವ ಗುಳಿಯೂ ಹೋಗುತ್ತದೆ.

ಮೊದಲು ಬಿಟ್ಟಿನ ನಂಬರ್ ನೋಡಿ. ಮನೆಯಲ್ಲಿ ಎಲ್ಲರ ಹತ್ತಿರ ಇರುವುದು 2ನೇ ನಂಬರ್ ಸ್ಟಾರ್, ಅಂದರೆ ಕೂಡುವ ಗುರುತಿನ ಆಕಾರದ್ದು. ಬೈಕಿನ ಎಂಜಿನ್ ಕವರಿನ 6 ಎಂಎಂ ಸ್ಕ್ರೂಗೆ ಬೇಕಾದದ್ದು 3ನೇ ನಂಬರ್. 2ನೇ ನಂಬರ್ ಕೂಡ ಒಳಗೆ ಕೂರುತ್ತದೆ, ತಿರುಗಿಸಿದರೆ ಲೂಸ್ ಇರುವ ಸ್ಕ್ರೂ ಬಂದೂಬಿಡುತ್ತದೆ. ಅದಕ್ಕೇ ನಾವು ಮೋಸ ಹೋಗುವುದು. ಬಿಟ್ಟನ್ನು ಗುಳಿಯಲ್ಲಿಟ್ಟು ಕೈಯಲ್ಲಿ ಅತ್ತಿತ್ತ ಆಡಿಸಿ. ಲಟಲಟ ಅಂದರೆ ಅದು ಸಣ್ಣದು.

ನಂಬರ್ ಸರಿ ಇದ್ದೂ ಹಾರುತ್ತಿದ್ದರೆ ಇನ್ನೊಂದು ಸೂಕ್ಷ್ಮ ಇದೆ. ನಾವು ಸ್ಟಾರ್ ಅಂತ ಕರೆಯುವುದರಲ್ಲೇ ಎರಡು ಜಾತಿ. ಒಂದು ಅಮೆರಿಕದ ಫಿಲಿಪ್ಸ್, 1936ರಲ್ಲಿ ಪೇಟೆಂಟ್ ಆದದ್ದು. ಇನ್ನೊಂದು ಜಪಾನಿನ ಕೈಗಾರಿಕಾ ಮಾನದಂಡದ್ದು, ಅಂದರೆ ಜೆಐಎಸ್ ಮಾದರಿ. ಜಪಾನ್ ವಿನ್ಯಾಸದ ಬೈಕುಗಳ ಮೂಲ ಸ್ಕ್ರೂಗಳು ಈ ಎರಡನೆಯ ಜಾತಿಯವು. ಕಣ್ಣಿಗೆ ಎರಡೂ ಒಂದೇ. ಕೆಲವು ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ, ಆದರೆ ಹಳೆಯವುಗಳಲ್ಲಿ ಅದನ್ನು ನಂಬಿ ಕೂರಬೇಡಿ. ಫಿಲಿಪ್ಸ್ ಬಿಟ್ಟಿನ ಮೂತಿ ಸ್ವಲ್ಪ ಉದ್ದ. ಅದು ಜೆಐಎಸ್ ಗುಳಿಯ ತಳಕ್ಕೆ ಮೊದಲೇ ತಾಗಿ ನಿಂತುಬಿಡುತ್ತದೆ, ರೆಕ್ಕೆಗಳು ಗೋಡೆಗೆ ಪೂರ್ತಿ ಕೂರುವುದಿಲ್ಲ. ಏಟು ಬಿದ್ದಾಗ ಮೇಲಿನ ಅಂಚನ್ನು ಕೆತ್ತುತ್ತ ಏರಿಬರುತ್ತದೆ.

ಜೆಐಎಸ್ ಬಿಟ್ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ 3ನೇ ನಂಬರ್ ಫಿಲಿಪ್ಸ್ ಬಿಟ್ಟಿನ ಮೂತಿಯನ್ನು ಗ್ರೈಂಡರಿನಲ್ಲಿ ಅರ್ಧ ಎಂಎಂ ಸವೆಸಿ. ಸವೆಸುವಾಗ ನಡುನಡುವೆ ನೀರಿಗೆ ಅದ್ದುತ್ತಿರಿ. ಬಿಟ್ ನೀಲಿಯಾಗುವಷ್ಟು ಕಾದರೆ ಗಡಸುತನ ಹೋಗಿ ಬೆಣ್ಣೆಯಾಗುತ್ತದೆ. ನಾನು ಸವೆಸಿದ ಬಿಟ್ಟನ್ನು ಉಳಿದ ಸ್ಕ್ರೂವಿನಲ್ಲಿಟ್ಟು ಬೈಕಿನ ಪಕ್ಕ ಕೈಬಿಟ್ಟೆ. ಬೀಳದೆ ಹಾಗೇ ಅಡ್ಡಕ್ಕೆ ನಿಂತುಕೊಂಡಿತು. ಮೊದಲು ಪ್ರತಿ ಸಲವೂ ಜಾರಿ ನೆಲಕ್ಕೆ ಬೀಳುತ್ತಿತ್ತು.

ಇನ್ನೆರಡು ಚಿಕ್ಕ ಕೆಲಸ. ಗುಳಿಯೊಳಗಿನ ಪೇಂಟ್, ಮಣ್ಣು, ಗಟ್ಟಿಯಾದ ಗ್ರೀಸನ್ನು ಗೋಣಿ ಸೂಜಿಯಿಂದ ಕೆರೆದು ತೆಗೆಯಿರಿ. ಕಾಲು ಎಂಎಂ ಮಣ್ಣು ಸಾಕು, ಬಿಟ್ ತಳ ಮುಟ್ಟುವುದಿಲ್ಲ. ಗುಳಿ ಸ್ವಲ್ಪ ಸವೆದಿದ್ದರೆ ಬಿಟ್ಟಿನ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ. ಸ್ಪೇರ್ ಅಂಗಡಿಯಲ್ಲಿ ಎರಡು ಕಡೆ ಮುಚ್ಚಳ ಇರುವ ಡಬ್ಬಿಯಲ್ಲಿ ಬರುತ್ತದಲ್ಲ, ಅದರ ಒರಟು ಕಡೆಯದ್ದು. ಅದರ ಮರಳು ಕಚ್ಚಿ ಹಿಡಿಯುತ್ತದೆ.

ಗೆರೆ ಹಾಗೇ ಇದೆ, ಬಿಟ್ ಕೂತೇ ಇದೆ, ಕೈಗೆ ಸೆಳೆತ ಗೊತ್ತಾಗುತ್ತಿಲ್ಲ

ಅಂದರೆ ಏಟು ತಿರುಗುವ ಬಲವಾಗಿ ಬದಲಾಗುತ್ತಲೇ ಇಲ್ಲ. ಮೂರು ಕಡೆ ನೋಡಿ.

ಡ್ರೈವರ್ ತಾನೇ ಜಾಮ್ ಆಗಿರಬಹುದು. ಬಿಟ್ಟನ್ನು ಹಲಗೆಗೆ ಊರಿ ಬಾಡಿಯನ್ನು ಎರಡೂ ಕೈಯಿಂದ ಒತ್ತಿ ನೋಡಿ. ಒತ್ತಿದಾಗ ಕೆಳಗೆ ಇಳಿಯಬೇಕು, ಇಳಿಯುವಾಗ ತಿರುಗಬೇಕು, ಬಿಟ್ಟಾಗ ಸ್ಪ್ರಿಂಗ್ ವಾಪಸ್ ತರಬೇಕು. ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದಿದ್ದರೆ ಒಳಗಿನ ಗ್ರೀಸ್ ಮೇಣವಾಗಿರುತ್ತದೆ. ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಹಾಕಿ, ಆಡಿಸಿ, ಒರೆಸಿ, ಹೊಸ ಗ್ರೀಸ್ ಹಾಕಿ.

ಸುತ್ತಿಗೆ ಹಗುರ ಇರಬಹುದು. ಮೊಳೆ ಹೊಡೆಯುವ ಕಾಲು ಕೆಜಿ ಸುತ್ತಿಗೆ ಇದಕ್ಕೆ ಸಾಲದು, ಪುಟಿದು ಹಿಂದೆ ಬರುತ್ತದೆ. ಒಂದು ಕೆಜಿ ಸುತ್ತಿಗೆ ಬೇಕು. ಹತ್ತು ಸಣ್ಣ ಏಟಿಗಿಂತ ನೇರವಾದ ಒಂದು ಗಟ್ಟಿ ಏಟು ಮೇಲು. ಮೊಳೆ ಕೀಳುವ ಕೊಂಬಿನ ಸುತ್ತಿಗೆಯನ್ನು ಗಟ್ಟಿ ಉಕ್ಕಿನ ಮೇಲೆ ಬಳಸಲೇಬೇಡಿ, ಅದರ ಮುಖದ ಅಂಚು ಸಿಡಿಯಬಹುದು.

ಮೂರನೆಯದು ಯಾರ ಗಮನಕ್ಕೂ ಬರುವುದಿಲ್ಲ: ಬೈಕೇ ಅಲ್ಲಾಡುತ್ತಿರುತ್ತದೆ. ಕ್ಲಚ್ ಕವರಿಗೆ ಹೊಡೆಯುವುದು ಪಕ್ಕದಿಂದ ಅಲ್ವಾ? ಸೈಡ್ ಸ್ಟ್ಯಾಂಡಿನಲ್ಲಿದ್ದರೆ ಟೈರು, ಶಾಕ್ ಅಬ್ಸಾರ್ಬರ್ ಎಲ್ಲ ಸೇರಿ ಏಟನ್ನು ನುಂಗಿಬಿಡುತ್ತವೆ. ಡಬಲ್ ಸ್ಟ್ಯಾಂಡ್ ಹಾಕಿ, ಆಚೆ ಕಡೆಯಿಂದ ಒಬ್ಬರು ಮಂಡಿ ಕೊಟ್ಟು ಒತ್ತಿ ಹಿಡಿಯಲಿ. ನಮ್ಮಲ್ಲಿ ಆ ಕೆಲಸ ಭಾವನದ್ದು. ಎಂಜಿನ್ ಇಳಿಸಿದ್ದರೆ ಇನ್ನೂ ಒಳ್ಳೆಯದು. ನೆಲಕ್ಕೆ ದಪ್ಪ ಹಲಗೆ ಹಾಕಿ ಮಲಗಿಸಿ ಮೇಲಿಂದ ಹೊಡೆಯಬಹುದು.

ಗೆರೆ ತಪ್ಪು ಕಡೆಗೆ ಸರಿದಿದೆ

ನಗಬೇಡಿ, ನಾನೂ ಮಾಡಿದ್ದೇನೆ. ಡ್ರೈವರಿಗೆ ಬಿಚ್ಚುವ ದಿಕ್ಕು, ಬಿಗಿಯುವ ದಿಕ್ಕು ಎರಡೂ ಇರುತ್ತವೆ. ಕೆಲವದರಲ್ಲಿ ಬಾಡಿ ಒತ್ತಿ ತಿರುಗಿಸಿ ಬದಲಿಸಬೇಕು, ಗುರುತು ಅಳಿಸಿಹೋಗಿರುತ್ತದೆ. ಮರದ ತುಂಡಿಗೆ ಒಂದು ಹಳೇ ಸ್ಕ್ರೂ ಅರ್ಧ ಇಳಿಸಿ, ಅದರ ಮೇಲೆ ಒಂದು ಏಟು ಹೊಡೆದು ನೋಡಿ. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟು ನೇರ ಬೈಕಿಗೆ ಹೋದರೆ, ತುಕ್ಕು ಹಿಡಿದ ಸ್ಕ್ರೂವನ್ನು ನೀವೇ ಇನ್ನಷ್ಟು ಬಿಗಿದಿರುತ್ತೀರಿ.

ಎಲ್ಲ ಸರಿ ಇದೆ, ಕೈಗೆ ಸೆಳೆತವೂ ಬರುತ್ತಿದೆ, ಗೆರೆ ಮಾತ್ರ ಕದಲುತ್ತಿಲ್ಲ

ಈಗ ನಿಜವಾಗಿ ಅಂಟಿಕೊಂಡ ಸ್ಕ್ರೂ ಸಿಕ್ಕಿತು. ಸದ್ದು ಗಟ್ಟಿಯಾಗಿ ಗಂಟೆಯ ಥರ ಬರುತ್ತದೆ, ಬಾಡಿ ಅಂಗೈಯಲ್ಲಿ ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಉಪಕರಣದ ತಪ್ಪಿಲ್ಲ. ಇನ್ನು ಮಾತುಕತೆ ಸ್ಕ್ರೂ ಜೊತೆಗೆ.

ಅಂಟಿದ್ದು ಯಾಕೆ ಅಂತ ಊಹಿಸಿದರೆ ಮದ್ದು ಸುಲಭ. ಎಂಜಿನ್ ಕವರು ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ನಡುವೆ ಮಳೆನೀರು ಸೇರಿದರೆ ಸಣ್ಣ ಬ್ಯಾಟರಿಯೇ ಆಯಿತು. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಥ್ರೆಡ್ ನಡುವೆ ತುಂಬಿಕೊಳ್ಳುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಇದೇ ಮುಖ್ಯ ಕಾರಣ. ಕರಾವಳಿಯಲ್ಲಿ ಉಪ್ಪು ಗಾಳಿ ಬೇರೆ.

ಮೊದಲ ಮದ್ದು ಎಣ್ಣೆ ಮತ್ತು ತಾಳ್ಮೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಡ್ರೈವರ್ ಎತ್ತಿಕೊಳ್ಳುವವರೇ ಜಾಸ್ತಿ. ತಲೆಯ ಅಡಿಯಿಂದ ಥ್ರೆಡ್‌ವರೆಗೆ ಎಣ್ಣೆ ಇಳಿಯಲು ಹೊತ್ತು ಬೇಕು. ಸಂಜೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಬೆಳಿಗ್ಗೆ ಒಂದು ಸಲ ಹಾಕಿ. ಪ್ರತಿ ಸಲ ಹಾಕಿದ ಮೇಲೆ ಸ್ಕ್ರೂ ತಲೆಯ ಮೇಲೆ ಒಂದು ಮೊಂಡು ಪಂಚ್ ಇಟ್ಟು ನೇರವಾಗಿ ಎರಡು ಏಟು ಕೊಡಿ, ತಿರುಗಿಸಲು ಹೋಗಬೇಡಿ. ಆ ನಡುಕಕ್ಕೆ ಪುಡಿ ಬಿರುಕು ಬಿಟ್ಟು ಎಣ್ಣೆ ಇಳಿಯುತ್ತದೆ.

ಅದಕ್ಕೂ ಬಗ್ಗದಿದ್ದರೆ ಬಿಸಿ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 6 ಎಂಎಂ ತೂತಿನಲ್ಲಿ, 100 ಡಿಗ್ರಿ ಏರಿಕೆಗೆ ಇಬ್ಬರ ನಡುವೆ ಬರುವ ವ್ಯತ್ಯಾಸ ಏಳು ಮೈಕ್ರಾನ್ ಆಸುಪಾಸು. ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲು. ಕೇಳಲು ಏನೂ ಅಲ್ಲ, ಆದರೆ ಒಣಗಿ ಹಿಡಿದ ಪುಡಿಯ ಪಟ್ಟು ಬಿಡಿಸಲು ಸಾಕಾಗುತ್ತದೆ. ಹಾಗಾಗಿ ಕಾಯಿಸಬೇಕಾದದ್ದು ಸ್ಕ್ರೂವನ್ನಲ್ಲ, ಅದರ ಸುತ್ತಲಿನ ಕವರನ್ನು.

ದಯವಿಟ್ಟು ಪೆಟ್ರೋಲ್ ಟ್ಯಾಂಕ್ ಇರುವಾಗ ಬೆಂಕಿ ತರಬೇಡಿ. ಸ್ಪ್ರೇ ಹೊಡೆದ ಜಾಗಕ್ಕಂತೂ ಬೇಡವೇ ಬೇಡ, ಅದೂ ಉರಿಯುತ್ತದೆ. ನಾವು ಮಾಡಿದ್ದು ಅಡುಗೆಮನೆ ವಿಧಾನ. ಹಳೇ ಬನಿಯನ್ನನ್ನು ಸ್ಕ್ರೂ ಸುತ್ತ ಸುತ್ತಿ, ಕುದಿಯುವ ನೀರನ್ನು ನಿಧಾನ ಹೊಯ್ದೆವು. ಎರಡು ಚೆಂಬು ಹೊಯ್ದ ಮೇಲೆ ಬಟ್ಟೆ ತೆಗೆದು, ಒರೆಸಿ, ಬಾಡಿಯನ್ನು ಎಡಕ್ಕೆ ತಿರುಚಿ ಹಿಡಿದು ಒಂದೇ ಏಟು. ಬಿಳಿ ಗೆರೆ ನಡುವೆ ಮುರಿಯಿತು. ಸ್ಕ್ರೂ ಮೇಲಿನ ಗೆರೆ ಒಂದು ಭತ್ತದ ಕಾಳಿನ ಅಗಲದಷ್ಟು ಎಡಕ್ಕೆ ಸರಿದಿತ್ತು. ಅಷ್ಟೇ. ಆದರೆ ಒಮ್ಮೆ ಅಷ್ಟು ಕದಲಿದರೆ ಮುಗಿಯಿತು, ಆಮೇಲೆ ಸಾಮಾನ್ಯ ಸ್ಕ್ರೂಡ್ರೈವರಿಗೇ ಬರುತ್ತದೆ. ಹೊರಗೆ ಬಂದಾಗ ಥ್ರೆಡ್ ತುಂಬ ಸುಣ್ಣ ಬಳಿದ ಹಾಗೆ ಬಿಳಿ ಪುಡಿ.

ಬರುವಾಗ ನಡುವೆ ಬಿಗಿಯಾದರೆ ಎಳೆಯಬೇಡಿ. ಅರ್ಧ ಸುತ್ತು ಹಿಂದಕ್ಕೆ ಬಿಗಿದು, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಹಾಗೇ ಹಿಂದೆ ಮುಂದೆ.

ಕೆಲವು ಕಡೆ ಅಂಟಿಸಿದ್ದು ತುಕ್ಕಲ್ಲ, ಯಾರೋ ಹಾಕಿದ ಕೆಂಪು ಥ್ರೆಡ್ ಲಾಕರ್, ಅಂದರೆ ಸ್ಕ್ರೂ ಸಡಿಲವಾಗದಿರಲು ಹಚ್ಚುವ ಅಂಟು. ಬಂದ ಸ್ಕ್ರೂಗಳ ಥ್ರೆಡ್‌ನಲ್ಲಿ ಕೆಂಪು ಚೂರು ಕಂಡರೆ ಉಳಿದವುಗಳಲ್ಲೂ ಅದೇ ಇರುತ್ತದೆ. ಅದಕ್ಕೆ ಎಣ್ಣೆ ಏನೂ ಮಾಡುವುದಿಲ್ಲ, ಬಿಸಿನೀರೂ ಸಾಲದು. ಸುಮಾರು 250 ಡಿಗ್ರಿ ಬೇಕು. ಆಗ ಸ್ಕ್ರೂ ತಲೆಯನ್ನೇ ಕಾಯಿಸಬೇಕು. ದೊಡ್ಡ ಸೋಲ್ಡರಿಂಗ್ ಐರನ್ ತುದಿಯನ್ನು ಗುಳಿಯಲ್ಲಿಟ್ಟು ಕಾಯಿಸಿದರೆ ಬಿಸಿ ಬೇಕಾದ ಕಡೆಗೇ ಹೋಗುತ್ತದೆ. ಹತ್ತಿರದಲ್ಲಿ ಆಯಿಲ್ ಸೀಲ್ ಇದ್ದರೆ ಹುಷಾರು.

ಗೆರೆ ಪ್ರತಿ ಏಟಿಗೂ ತಿರುಗುತ್ತದೆ, ಸ್ಕ್ರೂ ಮೇಲೆ ಬರುವುದಿಲ್ಲ

ಒಳಗಿನ ಥ್ರೆಡ್ ಕಿತ್ತುಹೋಗಿದೆ, ಇಲ್ಲವೇ ಸ್ಕ್ರೂ ಕುತ್ತಿಗೆಯಲ್ಲೇ ತುಂಡಾಗಿದೆ. ತಲೆಯಡಿಗೆ ತೆಳುವಾದ ಬ್ಲೇಡ್ ಕೊಟ್ಟು ಮೇಲಕ್ಕೆ ಮೀಟುತ್ತ ತಿರುಗಿಸಿ. ಬಂದಮೇಲೆ ತುದಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಥ್ರೆಡ್ ಹೋಗಿದ್ದರೆ ಲೇತ್ ಅಂಗಡಿಯಲ್ಲಿ ಹೊಸ ಥ್ರೆಡ್ ಸುರುಳಿ ಹಾಕಿಕೊಡುತ್ತಾರೆ.

ತಲೆ ಪೂರ್ತಿ ಹೋಗಿದ್ದರೆ

ನನ್ನ ಮೊದಲ ಸ್ಕ್ರೂ ಕಥೆಗೆ ಬರೋಣ. ಗುಳಿ ಬಟ್ಟಲಾಗಿತ್ತು. ಮೊದಲು ಹ್ಯಾಕ್ಸಾದಿಂದ ತಲೆಗೆ ಅಡ್ಡಗೀರು ಕೊರೆದು ಚಪ್ಪಟೆ ಬಿಟ್ ಹಾಕಿ ಹೊಡೆದೆ. ಒಂದು ಕಡೆಯ ಅಂಚು ಮುರಿಯಿತು. ಆಮೇಲೆ ಅಣ್ಣ ಉಳಿ ತೆಗೆದುಕೊಂಡರು. ತಲೆಯ ಅಂಚಿಗೆ ಒಂದು ಕಚ್ಚು ಹಾಕಿ, ಉಳಿಯನ್ನು ಓರೆ ಹಿಡಿದು ಎಡಕ್ಕೆ ತಟ್ಟುತ್ತ ಹೋದರು. ಹೆಚ್ಚಿನ ಸಲ ಇದಕ್ಕೇ ಬರುತ್ತದಂತೆ, ನನ್ನದು ಬರಲಿಲ್ಲ.

ಕೊನೆಗೆ ಡ್ರಿಲ್. ಇಲ್ಲಿ ಎಲ್ಲರೂ ಹೆದರುತ್ತಾರೆ, ಆದರೆ ಸ್ಕ್ರೂ ಪೂರ್ತಿ ಕೊರೆಯಬೇಕಾಗಿಲ್ಲ. ತಲೆ ಹೋದರೆ ಸಾಕು. ನಡುವೆ ಪಂಚ್ ಗುರುತು ಹಾಕಿ, 3 ಎಂಎಂ ಬಿಟ್ಟಿನಿಂದ ದಾರಿ ಮಾಡಿ, ಆಮೇಲೆ 6 ಎಂಎಂ ಬಿಟ್ ನಿಧಾನ ಓಡಿಸಿ. ತಲೆಯ ದಪ್ಪ ಮುಗಿದ ಕೂಡಲೇ ಅದು ಉಂಗುರದ ಹಾಗೆ ಬಿಟ್ಟಿಗೆ ಸಿಕ್ಕಿಕೊಂಡು ಬರುತ್ತದೆ. ಕವರ್ ಹೊರಗೆ ಬಂತು, ಒಳಗೆ ಬೆರಳುದ್ದ ಸ್ಕ್ರೂ ಕಡ್ಡಿ ಉಳಿಯಿತು. ತಲೆಯ ಬಿಗಿತ ಹೋದದ್ದೇ ತಡ, ಕಡ್ಡಿಯ ಮೇಲಿದ್ದ ಭಾರವೂ ಇಳಿದಿತ್ತು. ಗ್ರಿಪ್ ಪ್ಲೈಯರಿನಲ್ಲಿ ಕಚ್ಚಿ ತಿರುಗಿಸಿದರೆ ಸಲೀಸಾಗಿ ಬಂತು. ಅಷ್ಟೆಲ್ಲ ಗುದ್ದಾಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಕಡ್ಡಿಯೂ ಒಳಗೇ ಮುರಿದಿದ್ದರೆ ಮನೆಯಲ್ಲಿ ಸಾಹಸ ಬೇಡ. ವೆಲ್ಡಿಂಗ್ ಮಾಡುವವರು ಮುರಿದ ತುದಿಗೆ ನಟ್ ಕೂಡಿಸಿ ತೆಗೆದುಕೊಡುತ್ತಾರೆ.

ಡ್ರೈವರ್ ಎತ್ತಲೇಬಾರದ ಜಾಗಗಳು

ಕಾರ್ಬುರೇಟರ್ ಸ್ಕ್ರೂ, ಸ್ವಿಚ್ ಸ್ಕ್ರೂ, 4 ಎಂಎಂಗಿಂತ ಸಣ್ಣ ಯಾವುದಕ್ಕೂ ಬೇಡ. ಮೆತ್ತನೆಯ ಎರಕ ಒಂದೇ ಏಟಿಗೆ ಬಿರಿಯುತ್ತದೆ. ಕ್ರ್ಯಾಂಕ್ ತುದಿಯ ಮೇಲೆ, ಬೇರಿಂಗ್ ಹೊತ್ತ ದಿಂಡಿನ ಮೇಲೆ ಹೊಡೆದರೆ ಏಟು ನೇರ ಬೇರಿಂಗ್ ಗುಂಡುಗಳಿಗೆ ಹೋಗುತ್ತದೆ. ಕಾರಿನ ಬ್ರೇಕ್ ಡಿಸ್ಕ್ ಹಿಡಿದ ಸಣ್ಣ ಸ್ಕ್ರೂಗಳಿಗೆ ಇದು ಬಿಟ್ಟರೆ ದಾರಿಯಿಲ್ಲ ಅಂತ ಹಲವರು ಹೇಳುತ್ತಾರೆ, ನಿಜ. ಅಲ್ಲಿ ಆದಷ್ಟು ಕಡಿಮೆ ಏಟಿನಲ್ಲಿ ಮುಗಿಸಿ. ಡ್ರೈವರಿಗೆ ಸಾಕೆಟ್ ಹಾಕುವುದಾದರೆ ಇಂಪ್ಯಾಕ್ಟಿಗೆಂದೇ ಬರುವ ಕಪ್ಪು ಸಾಕೆಟ್ ಹಾಕಿ. ಹೊಳೆಯುವ ಕ್ರೋಮ್ ಸಾಕೆಟ್ ಸೀಳಬಹುದು.

ವಾಪಸ್ ಹಾಕುವಾಗ

ಕವರಿನ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗಕ್ಕೆ ಚುಚ್ಚುತ್ತ ಬನ್ನಿ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ನಿಲ್ಲುತ್ತದೆ, ಕವರ್ ಬಿಗಿಯುವುದಿಲ್ಲ, ಆಯಿಲ್ ಸೋರುತ್ತದೆ. ಇನ್ನೂ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ.

ನಾನು ಎಲ್ಲವನ್ನೂ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ಮಾಡಿದೆ. ಮೂಲ ರೂಪ ಕೆಡುತ್ತದೆ ಅಂತ ಕೆಲವರಿಗೆ ಇಷ್ಟವಿಲ್ಲ. ನನಗೆ ಇನ್ನೊಂದು ದೀಪಾವಳಿ ಹೀಗೆ ಕಳೆಯುವ ಆಸೆಯಿಲ್ಲ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಹಾಕುವುದಾದರೆ ಥ್ರೆಡ್‌ಗೆ ತಾಮ್ರದ ಗ್ರೀಸ್ ಹಚ್ಚಲೇಬೇಕು. ಹಚ್ಚದಿದ್ದರೆ ಆ ಬೋಲ್ಟ್ ಹೊರಗೆ ತುಕ್ಕು ಕಾಣಿಸದೆ ಒಳಗೆ ಅಲ್ಯೂಮಿನಿಯಂ ತಿನ್ನುತ್ತಿರುತ್ತದೆ. ಬಿಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು, ಗ್ರೀಸ್ ಹಚ್ಚಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಟಾರ್ಕ್ ರೆಂಚ್ ಇಲ್ಲದವರು ಅಲೆನ್ ಕೀಯ ಗಿಡ್ಡ ಕಡೆ ಹಿಡಿದು ಬಿಗಿಯಿರಿ, ಉದ್ದ ಕಡೆಗೆ ಕೈ ಹಾಕಬೇಡಿ. ಬಿಗಿಯಲು ಇಂಪ್ಯಾಕ್ಟ್ ಡ್ರೈವರ್ ಮಾತ್ರ ಮುಟ್ಟಬೇಡಿ. ನನ್ನ ಬೈಕಿನ ಆ ಮೂರು ಸ್ಕ್ರೂಗಳನ್ನು ಹಿಂದೆ ಯಾರೋ ಹಾಗೇ ಬಿಗಿದಿದ್ದರು ಅಂತ ಅಣ್ಣನ ಗುಮಾನಿ.

ಮೂರೂ ಸ್ಕ್ರೂ ಬಂದು, ಪ್ಲೇಟ್ ಬದಲಾಗಿ, ಬೋಲ್ಟ್‌ಗಳೆಲ್ಲ ರಟ್ಟಿನ ಮೇಲೆ ಸಾಲಾಗಿ ನಿಂತಾಗ ಸಂಜೆ ಆರು ಗಂಟೆ. ಅಣ್ಣ ಕವರನ್ನು ಕೈಗೆತ್ತಿಕೊಂಡು ಅಂಚು ಸವರಿ, “ಗ್ಯಾಸ್ಕೆಟ್ ಎಲ್ಲೋ?” ಅಂದರು. ತಂದೇ ಇರಲಿಲ್ಲ. ಅಂಗಡಿ ಹಬ್ಬಕ್ಕೆ ಮೂರು ದಿನ ರಜೆ.